ಮನೆ ವ್ಯವಹಾರಕ್ಕೆ ಹೊಣೆಗಾರ ಯಾರು?

ಸಾರಕ್ಕಿ ಕೆರೆ ಅಂಗಳದ ಒತ್ತುವರಿಯನ್ನು ಬೆಂಗಳೂರು ನಗರ ಜಿಲ್ಲಾಡಳಿತವು ಹೈಕೋರ್ಟ್ ಆದೇಶದ ಮೇರೆಗೆ 2015ರ ಏಪ್ರಿಲ್‌ನಲ್ಲಿ ತೆರವುಗೊಳಿಸಿತು. ಜರಗನಹಳ್ಳಿ, ಸಾರಕ್ಕಿ ಮತ್ತು ಪುಟ್ಟೇನಹಳ್ಳಿ ಗ್ರಾಮಗಳ ಸರ್ವೆ ನಂಬರುಗಳಲ್ಲಿ ಹರಡಿಕೊಂಡಿರುವ, 82 ಎಕರೆಗೂ ಮೀರಿದ ಈ ಕೆರೆಯಲ್ಲಿ 30ಕ್ಕೂ ಹೆಚ್ಚು ಎಕರೆ ಒತ್ತುವರಿಯಾಗಿತ್ತು. ಕೆರೆ ಉಳಿಯಬೇಕಿತ್ತು, ಉಳಿಯಿತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದು ಜೆಸಿಬಿಗಳ ಮುಂದೆ ನಿಂತು ಗೋಳಾಡಿದವರಲ್ಲಿ ಅನೇಕರ ಕೈಯಲ್ಲಿ ನೋಂದಾಯಿತ ಕ್ರಯಪತ್ರವಿತ್ತು. ಆಸ್ತಿ ತೆರಿಗೆಯ ರಸೀದಿ, ವಿದ್ಯುತ್ ಸಂಪರ್ಕದ ಬಿಲ್ಲು ಇದ್ದವು. ಸರ್ಕಾರದ ಮೊಹರು ಬಿದ್ದ ಕಾಗದಗಳು ಒಂದಲ್ಲ, ಹಲವು. ಅವುಗಳಲ್ಲಿ ಒಂದೂ ಮನೆಯನ್ನು ಉಳಿಸಲಿಲ್ಲ.

ಆ ಘಟನೆಗೆ ದಶಕ ಕಳೆದಿದೆ. ಜನ ಮೋಸಹೋಗಿದ್ದು ಹೇಗೆ ಎಂಬ ಪ್ರಶ್ನೆಗೆ ಒತ್ತುವರಿದಾರರ ದುರಾಸೆ ಎಂಬ ಉತ್ತರ ಸುಲಭವಾಗಿ ದೊರೆಯುತ್ತದೆ. ಅದು ಅರ್ಧ ಸತ್ಯ ಮಾತ್ರ. ಉಪನೋಂದಣಾಧಿಕಾರಿಯ ಕೆಲಸ ಪತ್ರವನ್ನು ನೋಂದಾಯಿಸುವುದು. ಮಾರುವವನಿಗೆ ಆ ಜಾಗದ ಮೇಲೆ ನಿಜವಾದ ಹಕ್ಕಿದೆಯೇ ಎಂದು ತೀರ್ಮಾನಿಸುವ ಅಧಿಕಾರವನ್ನು 1908ರ ನೋಂದಣಿ ಕಾಯ್ದೆ ಅವರಿಗೆ ಕೊಟ್ಟಿಲ್ಲ. ಖಾತಾ ತೆರಿಗೆ ವಸೂಲಿಯ ದಾಖಲೆಯೇ ಹೊರತು ಒಡೆತನದ ಪುರಾವೆಯಲ್ಲ. ವಿದ್ಯುತ್ ಕಂಪನಿಗೆ ಕೆರೆಯ ಗಡಿ ಸಂಬಂಧಿಸಿದ್ದಲ್ಲ. ಪ್ರತಿಯೊಬ್ಬರೂ ತಮ್ಮ ಮೇಜಿನ ಕೆಲಸವನ್ನಷ್ಟೇ ಮಾಡಿದರು. ಇಡೀ ಕಡತವನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಹೊಣೆ ಯಾರದೂ ಆಗಿರಲಿಲ್ಲ.

ಅಮೆರಿಕದಲ್ಲಿ ಈ ಹೊಣೆಯ ಒಂದು ಭಾಗವನ್ನು ಹೊರುವವರಿಗೆ ಟ್ರಾನ್ಸಾಕ್ಷನ್ ಕೋಆರ್ಡಿನೇಟರ್ ಎಂಬ ಹೆಸರಿದೆ. ನಾವು ವ್ಯವಹಾರ ಸಂಯೋಜಕ ಎನ್ನಬಹುದು. ಮಾರುವವರು ಮತ್ತು ಕೊಳ್ಳುವವರು ಕರಾರಿಗೆ ಸಹಿ ಹಾಕಿದ ದಿನದಿಂದ ಬೀಗದ ಕೈ ಹಸ್ತಾಂತರವಾಗುವ ದಿನದವರೆಗೆ ಕಡತ ಇವರ ವಶದಲ್ಲಿರುತ್ತದೆ. ಯಾವ ಕಾಗದ ಬಂದಿದೆ, ಯಾವುದು ಬಾಕಿ, ಬ್ಯಾಂಕಿನ ಸಾಲ ಮಂಜೂರಾತಿಗೆ ಗಡುವು ಯಾವುದು, ಯಾರ ಸಹಿ ಬಿಟ್ಟುಹೋಗಿದೆ ಎಂಬುದನ್ನೆಲ್ಲ ಗಮನಿಸಿ ಎಲ್ಲ ಪಕ್ಷಗಳಿಗೂ ತಿಳಿಸುವುದು ಇವರ ಕಸುಬು. ಇವರು ಬೆಲೆ ಕುದುರಿಸುವುದಿಲ್ಲ, ಕಾನೂನು ಸಲಹೆ ನೀಡುವುದಿಲ್ಲ. ಸಾಮಾನ್ಯವಾಗಿ ಒಂದು ವ್ಯವಹಾರಕ್ಕೆ ಇಷ್ಟು ಎಂಬ ನಿಗದಿತ ಶುಲ್ಕ ಪಡೆಯುತ್ತಾರೆ. ಕೊಳ್ಳುವವರ ಹಣ ಅಲ್ಲಿ ಬಹುಮಟ್ಟಿಗೆ ಎಸ್ಕ್ರೊ ಎಂಬ ಮೂರನೆಯವರ ಖಾತೆಯಲ್ಲಿದ್ದು, ಷರತ್ತುಗಳೆಲ್ಲ ಈಡೇರಿದ ಮೇಲಷ್ಟೇ ಮಾರುವವರ ಕೈ ಸೇರುತ್ತದೆ.

ನಮ್ಮಲ್ಲಿ ಈ ಕೆಲಸ ನಡೆಯುವುದಿಲ್ಲ ಎಂದಲ್ಲ. ಅದು ನಾಲ್ಕಾರು ಕೈಗಳಲ್ಲಿ ಹಂಚಿಹೋಗಿದೆ. ಕನಕಪುರ ರಸ್ತೆಯ ಇಕ್ಕೆಲಗಳಲ್ಲಿ ಇರಲಿ, ಜಯನಗರದಲ್ಲಿ ಇರಲಿ, ಮನೆ ತೋರಿಸುವ ದಲ್ಲಾಳಿಯೇ ಕರಾರುಪತ್ರದ ಮಾದರಿ ತರುತ್ತಾನೆ. ಉಪನೋಂದಣಾಧಿಕಾರಿ ಕಚೇರಿಯ ಆಸುಪಾಸಿನ ಪತ್ರ ಬರಹಗಾರರು ಕ್ರಯಪತ್ರ ಸಿದ್ಧಪಡಿಸಿ, ಮುದ್ರಾಂಕ ಶುಲ್ಕದ ಲೆಕ್ಕ ಹಾಕಿ, ನೋಂದಣಿಗೆ ಸಮಯ ಗೊತ್ತುಮಾಡಿಕೊಡುತ್ತಾರೆ. ಬ್ಯಾಂಕಿನ ವಕೀಲರು ದಾಖಲೆ ಪರಿಶೀಲಿಸುತ್ತಾರೆ. ಆದರೆ ಅವರ ವರದಿ ಬ್ಯಾಂಕಿನ ರಕ್ಷಣೆಗೆ, ಸಾಲಗಾರನ ರಕ್ಷಣೆಗಲ್ಲ. ಇನ್ನು ದಲ್ಲಾಳಿಗೆ ಕಮಿಷನ್ ಸಿಗುವುದು ವ್ಯವಹಾರ ಕುದುರಿದರೆ ಮಾತ್ರ. ಕಡತದಲ್ಲಿ ದೋಷವಿದೆ ಎಂದು ಹೇಳಿ ವ್ಯವಹಾರ ನಿಲ್ಲಿಸಿದರೆ ಅವನಿಗೆ ನಷ್ಟ. ಅಂಥವನನ್ನೇ ಕಡತದ ಕಾವಲಿಗೆ ನಿಲ್ಲಿಸಿರುವುದು ನಮ್ಮ ವ್ಯವಸ್ಥೆಯ ಮೂಲ ದೋಷ.

ಕೆಲಸದ ಸೂಕ್ಷ್ಮತೆಯನ್ನು ಗಮನಿಸಿದರೆ ಈ ದೋಷ ಎಷ್ಟು ಅಪಾಯಕಾರಿ ಎಂಬುದು ಅರಿವಾಗುತ್ತದೆ. ಮೂಲಪತ್ರಗಳ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಬಾರದು. ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ನೋಂದಣಿಯಾದ ಪತ್ರಗಳನ್ನು ಮಾತ್ರ ತೋರಿಸುತ್ತದೆ. ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿರುವ ದಾವೆ, ಕೆರೆ ಅಥವಾ ರಾಜಕಾಲುವೆಯ ಗಡಿ ಅದರಲ್ಲಿ ಕಾಣುವುದಿಲ್ಲ. ಜನರಲ್ ಪವರ್ ಆಫ್ ಅಟಾರ್ನಿ ಮೂಲಕ ನಡೆದ ಮಾರಾಟದಿಂದ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟಪಡಿಸಿದ್ದರೂ ಕಂದಾಯ ನಿವೇಶನಗಳ ಹಳೆಯ ಕಡತಗಳಲ್ಲಿ ಅಂಥ ಕೊಂಡಿಗಳು ಇಂದಿಗೂ ಸಿಗುತ್ತವೆ. ಬೆಲೆ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಕೊಳ್ಳುವವರೇ ಶೇ 1ರಷ್ಟು ಆದಾಯ ತೆರಿಗೆ ಮುರಿದುಕೊಂಡು ಕಟ್ಟಬೇಕು. ಮಾರುವವರು ವಿದೇಶದಲ್ಲಿ ನೆಲೆಸಿದ ಅನಿವಾಸಿಯಾಗಿದ್ದರೆ ನಿಯಮವೇ ಬೇರೆ. ಮರೆತರೆ ಇಲಾಖೆ ಹುಡುಕಿಕೊಂಡು ಬರುವುದು ಕೊಂಡವರ ಮನೆಗೆ. ಮಾರುವವರ ಹಳೆಯ ಸಾಲ ತೀರಿ, ಬ್ಯಾಂಕು ಮೂಲಪತ್ರ ಹಿಂದಿರುಗಿಸುವ ಮುನ್ನವೇ ಪೂರ್ತಿ ಹಣ ಕೊಟ್ಟವರ ಪಾಡು ಹೇಳತೀರದು. ಇಲ್ಲಿ ಪ್ರತಿ ಹೆಜ್ಜೆಗಿಂತ ಹೆಜ್ಜೆಗಳ ಅನುಕ್ರಮ ಮುಖ್ಯ. ಆ ಅನುಕ್ರಮವನ್ನು ಕಾಯುವವರು ಬೇಕು.

2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಈ ಕೊರತೆ ನೀಗಿಸಿದೆ ಎಂದು ಭಾವಿಸುವವರಿದ್ದಾರೆ. ಆ ಕಾಯ್ದೆ ಏಜೆಂಟರ ನೋಂದಣಿಯನ್ನು ಕಡ್ಡಾಯಗೊಳಿಸಿ, ಅಗತ್ಯ ಮಾಹಿತಿ ಮತ್ತು ದಾಖಲೆಗಳು ಗ್ರಾಹಕರಿಗೆ ದೊರೆಯುವಂತೆ ನೋಡಿಕೊಳ್ಳುವ ಹೊಣೆಯನ್ನು ಅವರ ಮೇಲೆ ಹೊರಿಸಿರುವುದು ನಿಜ. ಆದರೆ ಅದರ ವ್ಯಾಪ್ತಿ ನೋಂದಾಯಿತ ಯೋಜನೆಗಳಿಗೆ ಸೀಮಿತ. 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಮೀರದ ಮನೆಗಳ ಯೋಜನೆಗೆ ನೋಂದಣಿಯೇ ಬೇಕಿಲ್ಲ. ಬೆಂಗಳೂರಿನ ಮಧ್ಯಮ ವರ್ಗದ ಕನಸಾದ ಮೂವತ್ತು-ನಲವತ್ತರ ನಿವೇಶನದ ಅಳತೆ ಸುಮಾರು 111 ಚದರ ಮೀಟರ್. ಒಬ್ಬರು ಬಳಸಿದ ಮನೆಯನ್ನು ಇನ್ನೊಬ್ಬರು ಕೊಳ್ಳುವ ವ್ಯವಹಾರಕ್ಕೂ ಈ ಕಾಯ್ದೆಯ ನೆರಳಿಲ್ಲ. ಜರಗನಹಳ್ಳಿಯಂತಹ ಹಳೆಯ ಗ್ರಾಮಗಳ ಬೀದಿಗಳಲ್ಲಿ ಕೈಬದಲಾಗುವ ಮನೆಗಳು ಹೆಚ್ಚಾಗಿ ಈ ಬಗೆಯವು.

ಎಲ್ಲವೂ ಆನ್‌ಲೈನ್ ಆದ ಮೇಲೆ ಮಧ್ಯವರ್ತಿ ಏಕೆ ಎಂಬ ವಾದವೂ ಇದೆ. 2023ರಲ್ಲಿ ಬಂದ ಕಾವೇರಿ-2 ತಂತ್ರಾಂಶ, 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಕಡ್ಡಾಯವಾದ ಇ-ಖಾತಾ ಇವೆರಡೂ ಸ್ವಾಗತಾರ್ಹ ಕ್ರಮಗಳು. ಇ-ಖಾತಾದಿಂದ ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ದಂಧೆಗೆ ಕಡಿವಾಣ ಬೀಳುವ ನಿರೀಕ್ಷೆಯಿದೆ. ಆದರೆ 2025ರ ಜನವರಿಯಲ್ಲಿ ಸೈಬರ್ ದಾಳಿಯಿಂದ ಕಾವೇರಿ ತಂತ್ರಾಂಶ ಕುಂಟಿದಾಗ ನೋಂದಣಿಗಳು ನಿಂತುಹೋದವು. ಸಾಲದ ಮಂಜೂರಾತಿ, ಕರಾರಿನ ಗಡುವು ಯಾವುದೂ ತಂತ್ರಾಂಶಕ್ಕಾಗಿ ಕಾಯುವುದಿಲ್ಲ. ಇಂಥ ಹೊತ್ತಿನಲ್ಲಿ ಎರಡೂ ಕಡೆಯವರನ್ನು ಕೂರಿಸಿ ಗಡುವು ವಿಸ್ತರಿಸುವ ಕೆಲಸವನ್ನು ಗಣಕಯಂತ್ರ ಮಾಡಲಾರದು. ಹೆಸರಿನ ಒಂದು ಅಕ್ಷರ ತಪ್ಪಿದರೂ ಇ-ಖಾತಾ ಅರ್ಜಿ ಹಿಂದಕ್ಕೆ ಬರುವ ಸ್ಥಿತಿಯಲ್ಲಿ ವಯಸ್ಸಾದವರು ಸೈಬರ್ ಕೇಂದ್ರಗಳಿಗೆ, ಅಲ್ಲಿಂದ ಮತ್ತೆ ದಲ್ಲಾಳಿಯ ಬಳಿಗೆ ಅಲೆಯುವುದು ತಪ್ಪಿಲ್ಲ. ಮಧ್ಯವರ್ತಿ ಮಾಯವಾಗಿಲ್ಲ, ಲೆಕ್ಕಕ್ಕೆ ಸಿಗದವನಾಗಿ ಉಳಿದಿದ್ದಾನೆ.

ಮತ್ತೊಂದು ಪದವಿ ಸೃಷ್ಟಿಸಿದರೆ ಮತ್ತೊಂದು ಕೈ ಚಾಚುತ್ತದೆ ಎಂಬ ಆತಂಕ ನಿರಾಧಾರವೇನಲ್ಲ. ಆದ್ದರಿಂದ ಹೊಸಬರನ್ನು ತರುವುದಕ್ಕಿಂತ ಇರುವವರನ್ನು ಹೊಣೆಗಾರರನ್ನಾಗಿಸುವುದು ಜಾಣತನ. ಪರವಾನಗಿ ಪಡೆದ ಪತ್ರ ಬರಹಗಾರರಲ್ಲಿ ಅನೇಕರಿಗೆ ದಶಕಗಳ ಅನುಭವವಿದೆ. ಕಾನೂನು ಪದವೀಧರ ಯುವಕ ಯುವತಿಯರು ಉದ್ಯೋಗ ಅರಸುತ್ತಿದ್ದಾರೆ. ಇವರಿಗೆ ತರಬೇತಿ ನೀಡಿ, ಪರೀಕ್ಷೆ ನಡೆಸಿ ಸಂಯೋಜಕರೆಂದು ನೋಂದಾಯಿಸಬಹುದು. ಷರತ್ತುಗಳು ಸ್ಪಷ್ಟವಾಗಿರಬೇಕು. ಸಂಯೋಜಕರು ಅದೇ ವ್ಯವಹಾರದಲ್ಲಿ ಕಮಿಷನ್ ಪಡೆಯಕೂಡದು. ಶುಲ್ಕ ನಿಗದಿತವಾಗಿದ್ದು, ಕಚೇರಿಯ ಗೋಡೆಯ ಮೇಲೆ ಪ್ರಕಟವಾಗಿರಬೇಕು. ಪರಿಶೀಲಿಸಿದ ದಾಖಲೆಗಳ ಪಟ್ಟಿಯನ್ನು ಕನ್ನಡದಲ್ಲಿ, ಸಹಿ ಹಾಕಿ ಕೊಳ್ಳುವವರಿಗೆ ಕೊಡಬೇಕು. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರು ನೋಡಿ, ಕೆರೆ ಕಾಲುವೆಗಳ ನಕ್ಷೆಯೊಂದಿಗೆ ತಾಳೆ ಹಾಕಿದ್ದನ್ನು ಆ ಪಟ್ಟಿಯಲ್ಲಿ ದಾಖಲಿಸಬೇಕು. ಬೇಜವಾಬ್ದಾರಿ ಸಾಬೀತಾದರೆ ಪರವಾನಗಿ ರದ್ದಾಗಬೇಕು.

ಹಾಗೆಂದು ಸಂಯೋಜಕರು ಸರ್ಕಾರದ ಹೊಣೆಯನ್ನು ಹೊರಲಾರರು. ಭೂದಾಖಲೆ, ಕೆರೆಯ ಗಡಿ, ನ್ಯಾಯಾಲಯದ ತಡೆಯಾಜ್ಞೆ ಇವೆಲ್ಲ ಒಂದೇ ಕಡೆ ಕಾಣುವಂತೆ ಮಾಡುವುದು ಸರ್ಕಾರದ ಕರ್ತವ್ಯ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಲಾಗಿದೆ. ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರಗಳೂ ಸೇರಿದರೆ ನಗರದಲ್ಲಿ ಕೋಟಿ ರೂಪಾಯಿಯ ಮನೆಗೆ ಸುಮಾರು 7.60 ಲಕ್ಷ ರೂಪಾಯಿ ಬೊಕ್ಕಸ ಸೇರುತ್ತದೆ. ಇಷ್ಟು ಹಣ ಪಡೆದು, ಜಾಗ ಯಾರದೆಂದು ನಮಗೆ ಗೊತ್ತಿಲ್ಲ, ಪತ್ರ ಮಾತ್ರ ನೋಂದಾಯಿಸಿದ್ದೇವೆ ಎನ್ನುವುದು ನ್ಯಾಯವಲ್ಲ. ಏರಿಸಿದ ಶುಲ್ಕದ ಒಂದು ಪಾಲನ್ನಾದರೂ ಕೊಳ್ಳುವವರ ರಕ್ಷಣೆಗೆ ಮೀಸಲಿಡಬೇಕು. ಮೊದಲ ಹೆಜ್ಜೆಯಾಗಿ, ಕೆರೆಯಂಚಿನ ಹಳೆಯ ಗ್ರಾಮಗಳು ಸೇರಿರುವ ದಕ್ಷಿಣ ಬೆಂಗಳೂರಿನ ಉಪನೋಂದಣಾಧಿಕಾರಿ ಕಚೇರಿಗಳಲ್ಲಿಯೇ ಈ ಪ್ರಯೋಗ ಆರಂಭವಾಗಲಿ. ಜೀವಮಾನದ ದುಡಿಮೆಯನ್ನು ಒಂದು ಕಡತದ ಮೇಲೆ ಪಣಕ್ಕಿಡುವವರಿಗೆ, ಆ ಕಡತಕ್ಕೆ ಹೊಣೆಯಾಗಿ ಸಹಿ ಹಾಕುವ ಒಬ್ಬರನ್ನಾದರೂ ಒದಗಿಸಬೇಕು.