ಮಂಗನ ಕಾಯಿಲೆ: ಲಸಿಕೆಯ ಬಲ ಎಷ್ಟು ದಿನ?

ಡಿಸೆಂಬರ್ ಬಂತೆಂದರೆ ಮಲೆನಾಡಿನಲ್ಲಿ ಸೊಪ್ಪು, ಸೌದೆಗೆಂದು ಕಾಡಿಗೆ ಹೋಗುವವರ ಮನೆಗಳಲ್ಲಿ ಉಣುಗಿನ ಭಯ ಶುರುವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಗೆ ಇವತ್ತಿಗೂ ನಿರ್ದಿಷ್ಟ ಔಷಧವಿಲ್ಲ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯೂ 2022ರಲ್ಲಿ ನಿಂತಿತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೇತೃತ್ವದಲ್ಲಿ ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಹಳ್ಳಿ ಮುಟ್ಟುವ ಮೊದಲೇ ಒಂದು ಮಾತು ಇತ್ಯರ್ಥವಾಗಬೇಕು: ಅದರ ಬಲ ಎಷ್ಟು ದಿನ ಉಳಿಯುತ್ತದೆಂದು ಅಳೆಯುವವರು ಯಾರು?

ಹಳೆಯ ಲಸಿಕೆಯ ಎರಡು ಡೋಸುಗಳಿಗೆ 1990ರ ದಶಕದ ಆರಂಭದ ಅಧ್ಯಯನವೊಂದು ಶೇ 93.5ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರ ಲೆಕ್ಕ ತೆಗೆದಾಗ ಸಿಕ್ಕಿದ್ದು ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ಇದರರ್ಥ ಏನು? ಚುಚ್ಚಿಸಿಕೊಂಡವರ ಮೈಯಲ್ಲಿ ರಕ್ಷಣೆ ಕರಗಿತೇ, ಸೀಸೆಯಲ್ಲಿದ್ದ ಲಸಿಕೆಯ ಸತ್ವವೇ ಕುಂದಿತ್ತೇ, ಎಣಿಸಿದ ರೀತಿ ಬೇರೆಯಾಗಿತ್ತೇ? ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಬಿಟ್ಟರೆ ಇದು ತಿಳಿಯುವುದಿಲ್ಲ.

ತಿಳಿಯಬೇಕಾದರೆ ಪ್ರತಿಯೊಬ್ಬರ ಕೊನೆಯ ಡೋಸಿನ ದಿನಾಂಕ ಬೇಕು. ಒಂದೇ ಊರು, ಒಂದೇ ಹಂಗಾಮು. ಮೂರು ತಿಂಗಳ ಹಿಂದೆ ಲಸಿಕೆ ಪಡೆದವರಿಗೂ ಎರಡು ವರ್ಷದ ಹಿಂದೆ ಪಡೆದವರಿಗೂ ಕಾಯಿಲೆ ಎಷ್ಟೆಷ್ಟು ತಗುಲಿತೆಂದು ನೋಡಬೇಕು. ಇಲ್ಲೂ ಎಡವುವ ಜಾಗಗಳಿವೆ. ಕಾಡಿನಲ್ಲಿ ಹೆಚ್ಚು ತಿರುಗುವವರೇ ಮುಂದಾಗಿ ಲಸಿಕೆ ಹಾಕಿಸಿಕೊಂಡರೆ ಲಸಿಕೆ ಇದ್ದುದಕ್ಕಿಂತ ದುರ್ಬಲವಾಗಿ ಕಾಣುತ್ತದೆ. ಲಸಿಕೆ ಇಲ್ಲದವರು ವರ್ಷ ವರ್ಷ ಸೋಂಕು ತಗುಲಿಸಿಕೊಂಡು ಗುಣವಾಗಿ ತಾವೇ ರೋಗನಿರೋಧಕ ಶಕ್ತಿ ಪಡೆಯುತ್ತಾ ಹೋದರೆ, ಎರಡು ಗುಂಪುಗಳ ಅಂತರ ತಾನಾಗಿಯೇ ಕಿರಿದಾಗುತ್ತದೆ. ಲಸಿಕೆ ಸವೆಯದಿದ್ದರೂ ಸವೆದಂತೆ ತೋರುತ್ತದೆ. ಈ ತೊಡಕುಗಳು ಪೂರ್ತಿ ನೀಗದಿದ್ದರೂ, ಜ್ವರವೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಎಲ್ಲರ ರಕ್ತ ಪರೀಕ್ಷಿಸಿ, ಮಂಗನ ಕಾಯಿಲೆ ಇದ್ದವರಲ್ಲಿ, ಇಲ್ಲದವರಲ್ಲಿ ಲಸಿಕೆ ಪಡೆದವರೆಷ್ಟು, ಯಾವಾಗ ಪಡೆದರು ಎಂದು ಹೋಲಿಸುವುದು ಹೆಚ್ಚು ಭರವಸೆಯ ದಾರಿ. ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂಬುದಷ್ಟನ್ನೇ ನಂಬಿ ಕೂರಬಾರದು.

ಹಳೆಯ ಲಸಿಕೆಗೆ ಜನ ಮತ್ತೆ ಮತ್ತೆ ತೋಳು ಒಡ್ಡಬೇಕಿತ್ತು. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷಕ್ಕೊಂದು. ಚುಚ್ಚಿದ ಜಾಗದ ನೋವಿಗೆ ಹೆದರಿ ಎಷ್ಟೋ ಜನ ನಡುವೆಯೇ ಬಿಟ್ಟರು. ದಿನದ ಕೂಲಿ ಬಿಟ್ಟು ಬರುವವರಿಗೆ ಮುಂದಿನ ಡೋಸ್ ಯಾಕೆ ಬೇಕೆಂದು ಹೇಳಲು ಆಶಾ ಕಾರ್ಯಕರ್ತೆಯ ಕೈಯಲ್ಲಿ ಗಟ್ಟಿ ಉತ್ತರವಿರಬೇಕು.

ಆದ್ದರಿಂದ ಹೊಸ ಲಸಿಕೆಯ ಮೊದಲ ಡೋಸಿಗೆ ಮುಂಚೆಯೇ ಹೆಸರು, ದಿನಾಂಕ, ಬ್ಯಾಚ್ ಸಂಖ್ಯೆಯ ದಾಖಲೆ ಸಿದ್ಧವಿರಲಿ. ಅದು ಜ್ವರ ಪರೀಕ್ಷೆಯ ಫಲಿತಾಂಶದೊಂದಿಗೆ ಜೋಡಣೆಯಾಗಲಿ. ಪ್ರತಿ ವರ್ಷ ನವೆಂಬರಿನೊಳಗೆ ಆ ಲೆಕ್ಕವನ್ನು ಆರೋಗ್ಯ ಇಲಾಖೆ ಕನ್ನಡದಲ್ಲೇ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಗ್ರಾಮ ಪಂಚಾಯಿತಿಗಳ ಮುಂದಿಡಲಿ.