ಕೋವಿಗೆ ಎರಡು ಕಾಲು ಬೇಕೆ?

ರೈಫಲ್ ಕ್ಲಬ್ಬು ಸೇರಬಯಸುವ ನಮ್ಮ ಎನ್‌ಸಿಸಿ ಗೆಳೆಯರ ಬಾಯಲ್ಲಿ ಈಚೆಗೆ ಬೈಪಾಡಿನದೇ ಮಾತು. ಕೋವಿಯ ಮುಂಭಾಗಕ್ಕೆ ಬಿಗಿಯುವ, ಮಡಿಚಬಹುದಾದ ಜೋಡಿಗಾಲು ಅದು. ಅಗ್ಗದ್ದೊಂದು ಸಿಕ್ಕರೆ ಗುರಿ ತಾನಾಗಿಯೇ ಕೂಡುವುದೆಂದು ಅವರ ನಂಬಿಕೆ. ನನಗಂತೂ ಹಾಗೆನಿಸದು.

ಶಿಬಿರದಲ್ಲಿ ಪಾಯಿಂಟ್ ಟೂ ಟೂ ರೈಫಲನ್ನು ಮಲಗಿ ಹೊಡೆದಾಗ ನಮಗೆ ಆಸರೆಯಾದುದು ಮರಳಿನ ಚೀಲ. ಅದು ಕೋವಿಯ ಮೈಗೆ ಒಗ್ಗಿ ಕೂಡುತ್ತದೆ, ಅದುರನ್ನು ನುಂಗುತ್ತದೆ. ಬೈಪಾಡಾದರೋ ಗಟ್ಟಿ ನೆಲದ ಮೇಲೆ ಪುಟಿಯುವುದುಂಟು. ಕೀಲು ಸಡಿಲವಾದ ಅಗ್ಗದ ಬೈಪಾಡು ಆಸರೆಯಲ್ಲ, ಹೊರೆ. ಕೊಳ್ಳಲೇಬೇಕೆಂಬವರು ಬೆಲೆ ಕೇಳುವ ಮೊದಲು ಕೀಲನ್ನು ಅಲ್ಲಾಡಿಸಿ ನೋಡಲಿ. ಮಲಗಿ ಹೊಡೆಯಲು 6ರಿಂದ 9 ಅಂಗುಲದ ಕಾಲು ಸಾಕು. ಏರುಪೇರಿನ ನೆಲಕ್ಕೆ ಒಂದೊಂದು ಕಾಲನ್ನೂ ಬೇರೆಯಾಗಿ ಉದ್ದ ಮಾಡಲು ಬರಬೇಕು.

ಬೇಟೆಯ ನೆಪವೂ ಈಗ ನಡೆಯದು. 1972ರ ವನ್ಯಜೀವಿ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ನಮ್ಮಲ್ಲಿ ಮೋಜಿನ ಬೇಟೆಗೆ ಬಾಗಿಲು ಮುಚ್ಚಿವೆ. ಕೊಡಗಿನ ಕೈಲ್‌ಪೊಳ್ದಿನಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ನಿಂತೇ ಗುಂಡು ಹೊಡೆಯುತ್ತಾರೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರು ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆಯವರೂ ಬೈಪಾಡಿನಿಂದ ಗೆದ್ದವರಲ್ಲ. ಆ ಸ್ಪರ್ಧೆಯಲ್ಲಿ ಮಲಗಿ ಹೊಡೆಯುವಾಗಲೂ ತೋಳಿಗೆ ಬಿಗಿದ ಪಟ್ಟಿಯುಂಟೇ ಹೊರತು ಬೈಪಾಡಿಲ್ಲ.

ಸಾಮಾನು ಕೊಳ್ಳಲಾರದವರಿಗೆ ಈ ಆಟವಲ್ಲವೆಂದು ಹಿಂದೆ ಸರಿದ ಇಬ್ಬರು ಹಳ್ಳಿಯ ಹುಡುಗರನ್ನು ನಾನು ಬಲ್ಲೆ. ಅವರು ಮತ್ತೆ ಬರಲಿ. ಚೀಲ ಹೊಲಿದುಕೊಡಲು ನಾನಿದ್ದೇನೆ.