ಅಂಗಡಿ ತೆರೆಯುವ ಮುನ್ನ

ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾಗಿರುವ ನ್ಯಾಮತಿಯ ಪೇಟೆಯಲ್ಲಿ ಅಂಗಡಿಯಾತನು ಮುಂಜಾನೆ ಬಾಗಿಲು ತೆಗೆದೊಡನೆ ವ್ಯಾಪಾರಕ್ಕೆ ಕೈಹಚ್ಚುವುದಿಲ್ಲ. ತಕ್ಕಡಿಯನ್ನು ಸರಿಪಡಿಸಿ, ಲೆಕ್ಕದ ಪುಸ್ತಕವನ್ನು ಬಲಗಡೆಗಿರಿಸಿ, ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯನ್ನು ಎಣಿಸಿಕೊಂಡ ಮೇಲೆಯೇ ಮೊದಲ ಗಿರಾಕಿ. ಅದೇ ಊರಿನ ಹುಡುಗನು ಎಂಜಿನಿಯರಿಂಗ್ ಓದಿ ಗಣಕಯಂತ್ರದ ಮುಂದೆ ಕುಳಿತಾಗಲೂ ಇಂಥದೇ ಒಂದು ಸಿದ್ಧತೆ ಬೇಕಾಗುತ್ತದೆ.

ಬರೆದ ಪ್ರೋಗ್ರಾಮಿನಲ್ಲಿ ತಪ್ಪು ನುಸುಳುವುದು ಹೊಸತೇನಲ್ಲ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದೆಡೆಯಲ್ಲಿ ತಡೆದು ಅದರ ಒಡಲನ್ನು ಇಣುಕಿ ನೋಡುವ ಸಾಧನಕ್ಕೆ ಡಿಬಗರ್ ಎಂದು ಹೆಸರು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಅದು ಕೆಲಸಕ್ಕೆ ಏಳುವಾಗ ಯಜಮಾನನ ಮನೆಯ ಫೋಲ್ಡರಿನಲ್ಲಿರುವ ‘.ಜಿಡಿಬಿಇನಿಟ್’ ಎಂಬ ಪುಟ್ಟ ಕಡತವನ್ನು ಓದಿಕೊಳ್ಳುತ್ತದೆ. ಅಲ್ಲಿ ‘ಸೆಟ್ ಪ್ರಿಂಟ್ ಪ್ರೆಟಿ ಆನ್’ ಎಂದು ಬರೆದಿಟ್ಟರೆ, ಒಂದೇ ಸಾಲಿನಲ್ಲಿ ಕಿಕ್ಕಿರಿದು ಬರುವ ವಿವರಗಳು ಸಾಲಿಗೊಂದರಂತೆ ಇಳಿಯುತ್ತವೆ. ‘ಸೆಟ್ ಹಿಸ್ಟರಿ ಸೇವ್ ಆನ್’ ಎಂದರೆ ನಿನ್ನೆ ಕೊಟ್ಟ ಆಜ್ಞೆಗಳು ಇಂದಿಗೂ ಒದಗುತ್ತವೆ. ಬೆರಳಿಗೂ ಬಿಡುವು, ತಲೆಗೂ ಬಿಡುವು!

ಆದರೆ ಕೆಲಸ ನಡೆದಿರುವ ಫೋಲ್ಡರಿನಲ್ಲಿಯೂ ಇದೇ ಹೆಸರಿನ ಕಡತವಿರಬಹುದು. ತಾನೇ ಬರೆದುದಾದರೆ ಚಿಂತೆಯಿಲ್ಲ. ಪರರಿಂದ ಪಡೆದ ಫೋಲ್ಡರಾದರೆ? ಹೆಸರಿನ ಮೊದಲಿಗೆ ಚುಕ್ಕೆಯಿರುವುದರಿಂದ ಯುನಿಕ್ಸ್ ಮನೆತನದ ಗಣಕಗಳಲ್ಲಿ ಅದು ಸಾಧಾರಣ ಪಟ್ಟಿಯಲ್ಲಿ ಕಣ್ಣಿಗೇ ಬೀಳದು. ಅಂಥ ಕಡತವೋ, ‘ಶೆಲ್’ ಎಂಬ ಒಂದು ಮಾತಿನ ಬಲದಿಂದ, ಯಜಮಾನನು ಕೊಡಬಲ್ಲ ಯಾವ ಅಪ್ಪಣೆಯನ್ನಾದರೂ ಗಣಕಕ್ಕೆ ಕೊಡಬಲ್ಲದು. ಇರುವ ಬರಹವನ್ನೆಲ್ಲ ಅಳಿಸೆಂದೂ ಹೇಳಬಲ್ಲದು. ತಪ್ಪು ಹುಡುಕಲು ಹೋದವನ ವರ್ಷದ ದುಡಿಮೆ ನಿಮಿಷದಲ್ಲಿ ಮಾಯವಾದೀತು.

ಆದುದರಿಂದಲೇ ಈಗಿನ ಜಿಡಿಬಿ ಪರಿಚಯವಿಲ್ಲದ ಫೋಲ್ಡರಿನ ಕಡತವನ್ನು ತಾನಾಗಿ ಪಾಲಿಸಲೊಲ್ಲದು. ಎಚ್ಚರಿಕೆಯ ಮಾತೊಂದನ್ನು ಹೇಳಿ ಮುಂದಕ್ಕೆ ಸರಿಯುತ್ತದೆ. ಅದನ್ನು ನಂಬಬಹುದೆಂದಾದರೆ ಯಜಮಾನನು ಮನೆಯ ಕಡತದಲ್ಲಿ ‘ಆಡ್-ಆಟೋ-ಲೋಡ್-ಸೇಫ್-ಪಾತ್’ ಎಂದು ಬರೆದು ಆ ಫೋಲ್ಡರಿನ ದಾರಿಯನ್ನು ಹೆಸರಿಸಬೇಕು. ಇದರಿಂದ ಬೇಸತ್ತು, ದಾರಿಯ ಜಾಗದಲ್ಲಿ ಬರಿಯ ಓರೆಗೆರೆಯೊಂದನ್ನು ಎಳೆದು ಇಡೀ ಗಣಕವನ್ನೇ ನಂಬಿಬಿಡುವವರೂ ಉಂಟು. ಅಂಗಡಿಯ ಬೀಗದ ಕೈಯನ್ನು ಸಂತೆಯ ನಡುವೆ ನೇತುಹಾಕಿದಂತೆಯೇ ಸರಿ. ಫೋಲ್ಡರಿಗೊಂದು ಸಾಲು ಬರೆಯುವ ಶ್ರಮ ಎಷ್ಟು ಮಹಾ?

ಸಂದೇಹ ಬಂದಾಗ ‘-ಎನ್‌ಎಕ್ಸ್’ ಎಂಬ ಗುರುತನ್ನು ಸೇರಿಸಿ ಜಿಡಿಬಿಯನ್ನು ಕರೆದರೆ ಅದು ಆರಂಭದ ಯಾವ ಕಡತವನ್ನೂ ಓದದೆ ಏಳುತ್ತದೆ. ಬಂದ ಕಡತವನ್ನು ಬಿಡುವಿನಲ್ಲಿ ಸಾಲುಸಾಲಾಗಿ ಓದಿ, ಇರಿಸಿಕೊಳ್ಳುವುದೋ ಅಳಿಸುವುದೋ ಎಂಬುದನ್ನು ಆ ಬಳಿಕ ತೀರ್ಮಾನಿಸಬಹುದು.